ಹಳೆಯ ಕೂಲಂಟನ್ನು ಎಲ್ಲಿ ಸುರಿಯಲಿ?

ಮೈನಸ್ 37 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ ಎಂದು ಮೈಮೇಲೆ ಬರೆಸಿಕೊಂಡ ಕೂಲಂಟ್ ಡಬ್ಬಿಯೊಂದನ್ನು ನನ್ನ ಬೈಕಿಗೆಂದು ನಾನು ಎರಡು ವರ್ಷಕ್ಕೊಮ್ಮೆ ಕೊಂಡು ತರುತ್ತೇನೆ. ನಮ್ಮೂರು ಕಾಸರಗೋಡು ಜಿಲ್ಲೆಯ ಎಣ್ಮಕಜೆ. ಇಲ್ಲಿ ಧನುರ್ಮಾಸದ ಬೆಳಗಿನ ಜಾವಕ್ಕೂ ಹೆಗಲಿಗೊಂದು ಬೈರಾಸು ಹಾಕಿಕೊಂಡರೆ ಚಳಿ ಮುಗಿಯಿತು. ಉಳಿದಂತೆ ಬೆವರು, ಇಲ್ಲವಾದರೆ ಮಳೆ. ಇಂಥ ಊರಿಗೆ ಈ ಡಬ್ಬಿ ಯಾಕೆ ಎಂದು ಹೆಂಡತಿ ಕೇಳಿದಾಗ ನಾನು ಕ್ಲಾಸಿನಲ್ಲಿ ಕೊಡುವಂಥದೇ ಉತ್ತರ ಕೊಟ್ಟೆ. ನೀರಿಗೆ ಎಥಿಲೀನ್ ಗ್ಲೈಕಾಲ್ ಸಮಪಾಲು ಬೆರೆಸಿದರೆ ಹೆಪ್ಪುಗಟ್ಟುವ ಬಿಂದು ಇಳಿಯುವ ಹಾಗೆಯೇ ಕುದಿಯುವ ಬಿಂದು ಏರುತ್ತದೆ, ನೂರು ಇದ್ದದ್ದು ನೂರಾರು, ನೂರೇಳಕ್ಕೆ ಹೋಗುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದ ಇನ್ನೂ ಮೇಲೇರುತ್ತದೆ. ಜತೆಗೆ ಸೇರಿಸಿದ ರಾಸಾಯನಿಕಗಳು ಅಲ್ಯೂಮಿನಿಯಂ ಸವೆಯದಂತೆ ಕಾಯುತ್ತವೆ. ಉತ್ತರದಲ್ಲಿ ತಪ್ಪಿಲ್ಲ. ಆದರೆ ಅವಳು ಕೇಳಿದ್ದು ಅದನ್ನಲ್ಲ. ಈ ಬೈಕೇ ಯಾಕೆ ಎಂದು ಕೇಳಿದ್ದಳು.

ಅದಕ್ಕೆ ಉತ್ತರ ಲಡಾಖ್. ಐವತ್ತು ಸಮೀಪಿಸುವ ಗಂಡಸರಿಗೆ ಬರುವ ಕಾಯಿಲೆ ನನಗೂ ಬಂತು. ಖಾರ್ದುಂಗ್ ಲಾ ಏರಬೇಕು, ಅಲ್ಲಿನ ಫಲಕದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬೇಕು ಎಂಬ ಆಸೆ. ಆ ಫಲಕ ಬಹುಕಾಲ 18,380 ಅಡಿ ಎಂದು ಸಾರುತ್ತಿತ್ತು, ಸರಿಯಾಗಿ ಅಳೆದವರು 17,582 ಎನ್ನುತ್ತಾರೆ. ಅಲ್ಲೂ ಸ್ವಲ್ಪ ಬಡಾಯಿ ಉಂಟು ಎಂದು ಓದಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ನನ್ನ ಬೈಕು ಈವರೆಗೆ ಏರಿದ ಅತಿ ಎತ್ತರದ ಜಾಗ ಮಡಿಕೇರಿ. ದಿನವೂ ಅದು ಹೋಗುವುದು ಶಾಲೆಗೆ, ಪೆರ್ಲ ಪೇಟೆಗೆ, ಬದಿಯಡ್ಕಕ್ಕೆ. ನಲವತ್ತು ಅಶ್ವಶಕ್ತಿಯ ಎಂಜಿನ್ನನ್ನು ತೆಂಗಿನಕಾಯಿಯ ಚೀಲ ತರಲು ಓಡಿಸುತ್ತೇನೆ. ಶಾಲೆಯ ಗೇಟಿನಲ್ಲಿ ಹುಡುಗರು ಒಮ್ಮೆ ತಿರುಗಿ ನೋಡುತ್ತಾರಲ್ಲ, ಅದಕ್ಕಾಗಿಯೇ ಕೊಂಡದ್ದು ಎಂದರೂ ಸುಳ್ಳಲ್ಲ.

ಹಿಂದಿನ ಬೈಕುಗಳಲ್ಲಿ ಈ ರಗಳೆ ಇರಲಿಲ್ಲ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ರಂಥವಕ್ಕೆ ಎಂಜಿನ್ನಿನ ಸುತ್ತ ಲೋಹದ ಪಟ್ಟಿಗಳು, ಅವುಗಳ ನಡುವೆ ಹಾದುಹೋಗುವ ಗಾಳಿ, ಅಷ್ಟೇ. ಗಾಳಿ ಹಳತಾಗುವುದಿಲ್ಲ, ಅದನ್ನು ಬದಲಾಯಿಸಬೇಕಾಗಿಲ್ಲ. 2008ರಲ್ಲಿ ಯಮಹಾ ಆರ್15 ಬಂದು 150 ಸಿಸಿ ಬೈಕಿಗೂ ರೇಡಿಯೇಟರ್ ಇರಬಹುದು ಎಂದು ನಮ್ಮವರಿಗೆ ತೋರಿಸಿತು. 2012ರ ನಂತರ ಇನ್ನೂರು, ನಾನೂರು ಸಿಸಿಯವು ಸಾಲಾಗಿ ಬಂದವು. ಗಾಳಿಯ ಮೇಲೇ ಅಷ್ಟು ದಶಕ ಬದುಕಿದ ರಾಯಲ್ ಎನ್‌ಫೀಲ್ಡ್ ಕೂಡ 2023ರಲ್ಲಿ ಹಿಮಾಲಯನ್ 450ಕ್ಕೆ ನೀರಿನ ವ್ಯವಸ್ಥೆ ಕೊಟ್ಟಿತು. ಚಿಕ್ಕ ಎಂಜಿನ್ನಿನಿಂದ ಹೆಚ್ಚು ಶಕ್ತಿ ಬೇಕು, ಹೊಗೆಯ ನಿಯಮವನ್ನೂ ಪಾಲಿಸಬೇಕು ಎಂದಾದರೆ ಬಿಸಿಯನ್ನು ಒಂದು ಹದದಲ್ಲಿ ಹಿಡಿಯಬೇಕು, ಅದಕ್ಕೆ ದ್ರವವೇ ಆಗಬೇಕು.

ಕೂಲಂಟ್ ಬದಲಾಯಿಸುವ ಕೆಲಸವನ್ನು ನಾನು ಮನೆಯಲ್ಲೇ ಮಾಡುವುದು, ದನಗಳಿಲ್ಲದ ನಮ್ಮ ಹಟ್ಟಿಯಲ್ಲಿ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಕುದಿನೀರು ಮುಖಕ್ಕೇ ಹಾರುತ್ತದೆ. ವಾಟರ್ ಪಂಪಿನ ಬುಡದ ಡ್ರೈನ್ ಬೋಲ್ಟ್ ಬಿಚ್ಚಿದರೆ ಮೊದಲು ಸಣ್ಣಗೆ ತೊಟ್ಟಿಕ್ಕುತ್ತದೆ, ಮೇಲಿನ ಮುಚ್ಚಳ ತೆರೆದಾಗ ಗಾಳಿ ಹೊಕ್ಕು ದಪ್ಪ ಧಾರೆಯಾಗಿ ಬೀಳುತ್ತದೆ. ಬೇಸಿನ್ ಹಿಡಿಯುವ ಕೈ ಚುರುಕಾಗಿರಬೇಕು. ಬೋಲ್ಟನ್ನು ವಾಪಸ್ ಹಾಕಿ, ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರ್ ತುಂಬಿಸಿ, ಫ್ಯಾನ್ ತಿರುಗುವವರೆಗೆ ಎಂಜಿನ್ ಓಡಿಸಬೇಕು. ಅದಕ್ಕೆ ಮೊದಲೇ ನಿಲ್ಲಿಸಿದರೆ ಥರ್ಮೋಸ್ಟಾಟ್ ಬಾಗಿಲು ತೆರೆದಿರಲಿಕ್ಕಿಲ್ಲ, ನೀರು ಒಂದು ಬದಿಯಲ್ಲಷ್ಟೇ ಸುತ್ತಿರಬಹುದು. ಮತ್ತೆ ತಣಿಯಲು ಬಿಟ್ಟು, ಖಾಲಿ ಮಾಡಿ, ಪುನಃ ತುಂಬಿಸಿ, ಬೀಳುವ ನೀರಿಗೆ ಬಣ್ಣ ಇಲ್ಲ ಎನ್ನುವವರೆಗೆ ಇದೇ ಕೆಲಸ. ಭಾನುವಾರ ಹೀಗೆಯೇ ಕಳೆಯುತ್ತದೆ. ಕೊನೆಗೆ ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿಯುವಾಗ ಕೈಯ ಬಲ ತೋರಿಸಬಾರದು, ಅಲ್ಯೂಮಿನಿಯಂನಲ್ಲಿ ಕೊರೆದ ತಿರುಪು ಸುಲಭಕ್ಕೆ ಹಾಳಾಗುತ್ತದೆ. ಹೊಸ ಕೂಲಂಟನ್ನು ನಿಧಾನ ಸುರಿಯುತ್ತಾ ರಬ್ಬರ್ ಪೈಪನ್ನು ಹಿಸುಕಿ, ಬೈಕನ್ನು ಆಚೆ ಈಚೆ ವಾಲಿಸಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಮೇಲೆ ಬರುತ್ತದೆ. ಆ ಸದ್ದು ಕೇಳಲು ನನಗೆ ತುಂಬ ಇಷ್ಟ.

ಯಾಕೆ ಬದಲಾಯಿಸಬೇಕು ಎಂಬುದು ಅಡಿಕೆ ತೋಟ ಇರುವವರಿಗೆ ಬೇಗ ಅರ್ಥವಾಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ತಯಾರಿಸುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ, ಹದ ನೋಡಲು ಚೂರಿಯ ಅಲಗನ್ನು ಅದ್ದುತ್ತೇವೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದು ಲೆಕ್ಕ. ಕೂಲಂಟಿನದೂ ಅದೇ ಜಾತಿಯ ಮಾತು. ಹೊಸತರಲ್ಲಿ ಕ್ಷಾರವಿರುತ್ತದೆ. ಬಿಸಿಗೆ, ಗಾಳಿಗೆ ಸಿಕ್ಕಿ ಗ್ಲೈಕಾಲ್ ನಿಧಾನಕ್ಕೆ ಆಮ್ಲವಾಗುತ್ತಾ ಹೋಗುತ್ತದೆ, ಕಾಯುವ ರಾಸಾಯನಿಕ ಕರಗುತ್ತಾ ಬರುತ್ತದೆ, ಆಮೇಲೆ ಲೋಹ ಲೋಹವನ್ನು ತಿನ್ನಲು ಶುರು.

ನಮ್ಮವರಲ್ಲಿ ಒಂದು ಹೆಮ್ಮೆ ಉಂಟು, ಅದು ನನ್ನಲ್ಲೂ ಇತ್ತು. ನಮ್ಮ ಸುರಂಗದ ನೀರಿಗಿಂತ ಒಳ್ಳೆಯದು ಇನ್ನಾವುದು, ರೇಡಿಯೇಟರಿಗೆ ಅದೇ ಧಾರಾಳ ಎಂಬ ಹೆಮ್ಮೆ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಕಷ್ಟಪಟ್ಟು ನುಸುಳುವಷ್ಟು ಅಗಲದಲ್ಲಿ ಹತ್ತಾರು ಮೀಟರ್ ಒಳಗೆ ಹೋಗಿ ಒಸರು ಹಿಡಿದು, ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ಇಳಿಸಿದ ನೀರು ಅದು. ಪಂಪು ಬೇಡ, ಕರೆಂಟು ಬೇಡ. ಹಿಂದೆ ಗುಡ್ಡದ ದಾರಿಯಲ್ಲಿ ಜೀಪಿನ ಡ್ರೈವರುಗಳು ಹೊಗೆಯಾಡುವ ರೇಡಿಯೇಟರಿಗೆ ಇದನ್ನೇ ಹೊಯ್ಯುತ್ತಿದ್ದರು. ಕೋಲಾರದ ಕಡೆಯ ಬೋರಿನ ನೀರಿನ ಹಾಗೆ ಇದು ಪಾತ್ರೆಗೆ ಬಿಳಿ ಗಸಿ ಕಟ್ಟುವುದಿಲ್ಲ ಎಂಬುದು ನಿಜ. ಆದರೆ ಮುರಕಲ್ಲಿನ ನೀರಿನಲ್ಲಿ ಸ್ವಲ್ಪ ಆಮ್ಲದ ಗುಣವಿರುತ್ತದೆ. ನಾಲಗೆಗೆ ಸಿಹಿಯಾದ ಅದು ಅಲ್ಯೂಮಿನಿಯಂಗೆ ಒಗ್ಗುವುದಿಲ್ಲ.

ಆ ನೀರಿನಿಂದಾಗಿಯೇ ಈ ಲೇಖನ ಬರೆಯಬೇಕಾಗಿ ಬಂದದ್ದು. ಬೈಕಿನಿಂದ ತೆಗೆದ ಹಳೆಯ ಕೂಲಂಟ್ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು. ತೊಳೆದ ನೀರೂ ಸೇರಿದರೆ ಅದರ ನಾಲ್ಕೈದು ಪಾಲು. ಎಂಜಿನ್ನಿನ ಒಳಗನ್ನು ಎಷ್ಟು ಚೊಕ್ಕ ಮಾಡುತ್ತೇನೋ ಹೊರಗೆ ಅಷ್ಟು ಕೊಳಕು ಜಾಸ್ತಿಯಾಗುತ್ತದೆ. ನಮ್ಮ ಹಟ್ಟಿಯ ಮೇಲೆ ಗುಡ್ಡ, ಗುಡ್ಡದೊಳಗೆ ಸುರಂಗ, ಕೆಳಗೆ ತೋಟ, ತೋಟದ ಆಚೆ ತೋಡು. ಇದನ್ನು ಎಲ್ಲಿ ಸುರಿಯಲಿ?

ಪೇಟೆಯ ಗ್ಯಾರೇಜಿನ ಹುಡುಗನನ್ನು ಕೇಳಿದೆ. ನನ್ನ ಹಳೆಯ ವಿದ್ಯಾರ್ಥಿ.

“ಆಯಿಲ್ ಆದ್ರೆ ಡ್ರಮ್ಮಿಗೆ ಹಾಕ್ತೇವೆ ಮಾಷ್ಟ್ರೇ, ಜನ ಬಂದು ದುಡ್ಡು ಕೊಟ್ಟು ತೆಕ್ಕೊಂಡು ಹೋಗ್ತಾರೆ. ಕೂಲಂಟಿಗೆ ಯಾರೂ ಬರುದಿಲ್ಲ.”

“ಮತ್ತೆ?”

“ಮತ್ತೆಂತ, ಅದು ನೀರೇ ಅಲ್ವಾ. ಮಳೆಗಾಲದಲ್ಲಿ ತೋಡಿಗೆ ಹೋಗ್ತದೆ.”

ಅವನಿಗೆ ಬುದ್ಧಿ ಹೇಳಿದೆ. ಗ್ಲೈಕಾಲಿನ ರುಚಿ ಸಿಹಿ, ಅದಕ್ಕೇ ನಾಯಿ ಬೆಕ್ಕು ನೆಕ್ಕುವುದು. ಮೂರು ಕಿಲೋ ತೂಕದ ಬೆಕ್ಕನ್ನು ಕೊಲ್ಲಲು ಶುದ್ಧ ಗ್ಲೈಕಾಲ್ ಒಂದು ಟೀ ಚಮಚೆ ಸಾಕು. ಮನುಷ್ಯನಿಗಾದರೆ ಸುಮಾರು ನೂರು ಮಿಲಿಲೀಟರ್. ಯಕೃತ್ತು ಅದನ್ನು ಒಡೆಯುತ್ತಾ ಆಕ್ಸಾಲಿಕ್ ಆಮ್ಲದವರೆಗೆ ಒಯ್ಯುತ್ತದೆ, ಆ ಆಮ್ಲ ಕ್ಯಾಲ್ಸಿಯಂ ಜತೆ ಸೇರಿ ಹರಳಾಗಿ ಕಿಡ್ನಿಯಲ್ಲಿ ಕೂರುತ್ತದೆ. ಇದಕ್ಕೆ ಒಂದು ಚಿಕಿತ್ಸೆ ಮದ್ಯಸಾರ. ಯಕೃತ್ತು ಮದ್ಯಸಾರದ ಕೆಲಸದಲ್ಲಿ ಮುಳುಗಿದ್ದರೆ ಗ್ಲೈಕಾಲ್ ಹಾಗೆಯೇ ಮೂತ್ರದಲ್ಲಿ ಹೋಗುತ್ತದೆ ಎಂದಾಗ ಹುಡುಗ ನಕ್ಕ. 2022ರಲ್ಲಿ ಗಾಂಬಿಯಾ ದೇಶದಲ್ಲಿ ಸುಮಾರು 70 ಮಕ್ಕಳು ಸತ್ತದ್ದು, ನಮ್ಮ ದೇಶದಿಂದ ಹೋದ ಸಿರಪ್ಪುಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಎಥಿಲೀನ್ ಗ್ಲೈಕಾಲನ್ನೂ ಅದರ ದಾಯಾದಿ ಡೈಎಥಿಲೀನ್ ಗ್ಲೈಕಾಲನ್ನೂ ಕಂಡದ್ದು ಹೇಳಿದಾಗ ನಗು ನಿಂತಿತು. “ಹಾಗಾದ್ರೆ ಎಲ್ಲಿ ಹಾಕುದು ಮಾಷ್ಟ್ರೇ?” ಎಂದ. ನನ್ನಲ್ಲಿ ಉತ್ತರ ಇರಲಿಲ್ಲ. ಆದರೂ ಗೆದ್ದವನ ಹಾಗೆ ಬೈಕು ಏರಿ ಬಂದೆ.

ಎಣ್ಮಕಜೆ ಎಂದೊಡನೆ ಓದುವವರಿಗೆ ಬೇರೊಂದು ಹೆಸರು ನೆನಪಾಗಿರುತ್ತದೆ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ ಎಪ್ಪತ್ತರ ದಶಕದ ಕೊನೆಯಿಂದ 2000ದ ಕೊನೆಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ನಾವು ಮಕ್ಕಳು ಆ ಹೆಲಿಕಾಪ್ಟರ್ ನೋಡಲು ಗುಡ್ಡ ಹತ್ತುತ್ತಿದ್ದೆವು. ಬಾವಿಗಳನ್ನು ಮುಚ್ಚಿಡಿ ಎಂದು ಪ್ರಕಟಣೆ ಬರುತ್ತಿತ್ತು. ಬಾವಿಗೆ ಗರಿ ಮುಚ್ಚಬಹುದು. ಸುರಂಗವನ್ನು, ತೋಡನ್ನು ಏನಿಟ್ಟು ಮುಚ್ಚುವುದು? ನಮ್ಮ ಪಂಚಾಯತಿನದೇ ಪಡ್ರೆಯ ವೈದ್ಯ ಡಾ. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಎತ್ತಿ ಹೇಳಿದರು, ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ಬರೆದರು, ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಮಕ್ಕಳನ್ನು ಪರೀಕ್ಷಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನಿಗೆ ದೇಶದಾದ್ಯಂತ ತಡೆ ಹಾಕಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಬೇಕೆಂದು ಆದೇಶಿಸಿತು.

ಈಗ ನನ್ನ ವಿಷಯ. ನಮ್ಮ ಮನೆ ಇರುವುದು ಗೇರು ಗುಡ್ಡದಿಂದ ದೂರದ ಮಗ್ಗುಲಲ್ಲಿ. ನಮ್ಮ ಕುಟುಂಬದಲ್ಲಿ ಯಾರಿಗೂ ಏನೂ ಆಗಲಿಲ್ಲ. ಹಾಗಿದ್ದೂ ಮೈಸೂರಿಗೋ ಬೆಂಗಳೂರಿಗೋ ಹೋದಾಗ, ಸಾಹಿತ್ಯದ ಸಭೆಯ ಊಟದ ಸಾಲಿನಲ್ಲಿ “ನಾನು ಎಣ್ಮಕಜೆಯವನು” ಎಂದಾಗ ಎದುರಿನವರ ಮುಖ ಗಂಭೀರವಾಗುವುದನ್ನು ಬಹಳ ಸಲ ಕಂಡಿದ್ದೇನೆ. ಅವರ ದನಿ ಇಳಿಯುತ್ತದೆ, ನನ್ನ ಮಾತಿಗೆ ತೂಕ ಬರುತ್ತದೆ. “ನಮ್ಮ ಮನೆಗೇನೂ ಆಗಿಲ್ಲ” ಎಂಬ ವಾಕ್ಯವನ್ನು ನಾನು ಆಗ ಸೇರಿಸುವುದಿಲ್ಲ. ಅವರು ಕೇಳಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹಾಸಿಗೆಯಿಂದ ಏಳಲಾರದ ಮಗುವನ್ನು ಮೂವತ್ತು ವರ್ಷ ಎತ್ತಿ ಇಳಿಸಿದ ತಾಯಂದಿರು ನಮ್ಮ ಪಂಚಾಯತಿನಲ್ಲಿದ್ದಾರೆ. ಅವರ ಪಾಲಿನ ನೋವಿನಿಂದ ನಾನು ಗೌರವ ಸಂಪಾದಿಸಿದ್ದೇನೆ. ಆ ಹುಡುಗನಿಗೆ ಗ್ಯಾರೇಜಿನಲ್ಲಿ ಪಾಠ ಹೇಳುವಾಗಲೂ ನನ್ನ ಗಂಟಲಿನಲ್ಲಿ ಇದ್ದದ್ದು ಆ ಗೌರವದ ದನಿಯೇ.

ಆಮೇಲೆ ಗ್ಲೈಕಾಲಿನ ಬಗ್ಗೆ ಓದಲು ಕೂತೆ. ಅದು ಎಂಡೋಸಲ್ಫಾನಿನ ಹಾಗೆ ಮಣ್ಣಿನಲ್ಲಿ ಬಹುಕಾಲ ಉಳಿಯುವುದಿಲ್ಲ, ಬ್ಯಾಕ್ಟೀರಿಯಾಗಳು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ತಿಂದು ಮುಗಿಸುತ್ತವೆ ಎಂದು ಗೊತ್ತಾಯಿತು. ಆ ವಾಕ್ಯ ಕಂಡಾಗ ನನಗಾದ ಸಂತೋಷವನ್ನು ಗಮನಿಸಬೇಕು. ಪುಸ್ತಕ ಮುಚ್ಚಿ ಎದ್ದುಬಿಟ್ಟಿದ್ದೆ! ಮುಂದಿನ ಸಾಲುಗಳನ್ನು ಓದಿದ್ದು ಮರುದಿನ: ಬಳಸಿದ ಕೂಲಂಟಿನಲ್ಲಿ ಎಂಜಿನ್ನಿನಿಂದ ಕರಗಿಬಂದ ಲೋಹಗಳು ಇರುತ್ತವೆ, ಅವನ್ನು ಯಾವ ಬ್ಯಾಕ್ಟೀರಿಯಾವೂ ತಿನ್ನುವುದಿಲ್ಲ, ತೋಡಿಗೆ ಬಿದ್ದರೆ ಗ್ಲೈಕಾಲನ್ನು ಕೊಳೆಸುವ ಭರದಲ್ಲಿ ನೀರಿನ ಆಮ್ಲಜನಕ ಖರ್ಚಾಗಿ ಮೀನುಗಳಿಗೆ ಉಸಿರು ಕಟ್ಟುತ್ತದೆ. ನಾನು ಓದಲು ಕೂತದ್ದು ತಿಳಿಯುವುದಕ್ಕಲ್ಲ, ಬಿಡುಗಡೆಯ ಚೀಟಿ ಹುಡುಕುವುದಕ್ಕೆ. ಎಂಡೋಸಲ್ಫಾನ್ ಕಾಲದಲ್ಲೂ ಹಾಗೆಯೇ ಒಂದರ ಮೇಲೊಂದು ಸಮಿತಿ ಬಂದವು. ರೋಗಕ್ಕೂ ಸಿಂಪಡಣೆಗೂ ಸಂಬಂಧವಿಲ್ಲ ಎಂದು 2003ರಲ್ಲಿ ಹೇಳಿದ ಸಮಿತಿಯನ್ನು ನಾವೆಲ್ಲ ಬೈದಿದ್ದೆವು. ಬೇಕಾದ ಸಾಲಿಗೆ ಓದು ನಿಲ್ಲಿಸುವ ವಿದ್ಯೆ ನನಗೂ ಬರುತ್ತದೆ.

ಹಾಗಾಗಿ ಈಗ ನಾನು ಮಾಡುತ್ತಿರುವುದು ಇಷ್ಟು. ಹಳೆಯ ಕೂಲಂಟನ್ನು ದಪ್ಪ ಪ್ಲಾಸ್ಟಿಕ್ಕಿನ ಕ್ಯಾನಿಗೆ ತುಂಬಿ, ವಿಷ ಎಂದು ಬರೆದು, ಬೀಗ ಇರುವ ಕಪಾಟಿನಲ್ಲಿಡುತ್ತೇನೆ. ತೊಳೆದ ನೀರನ್ನು ಅಗಲದ ತಟ್ಟೆಗಳಿಗೆ ಹಾಕಿ, ಕಾಗೆ ಬೆಕ್ಕು ಬಾಯಿಡದಂತೆ ಬಲೆ ಕಟ್ಟಿ, ತಾರಸಿಯ ಬಿಸಿಲಿಗೆ ಇಡುತ್ತೇನೆ. ನೀರು ಆರುತ್ತದೆ, ಗ್ಲೈಕಾಲ್ ಕುದಿಯುವುದು 197 ಡಿಗ್ರಿಯಲ್ಲಾದ್ದರಿಂದ ಬಹುಪಾಲು ತಳದಲ್ಲೇ ಉಳಿಯುತ್ತದೆ, ಅದೂ ಕ್ಯಾನಿಗೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಸುಮಾರಿಗೆ ಮಳೆ ಬೀಳುವ ಊರಿನಲ್ಲಿ ಇದು ಮಾರ್ಚ್, ಏಪ್ರಿಲಿನಲ್ಲಿ ಮಾತ್ರ ನಡೆಯುವ ಕೆಲಸ. ಇದನ್ನು ಪುಣ್ಯದ ಲೆಕ್ಕಕ್ಕೆ ಬರೆಯಬೇಡಿ. ಕೆಳಗಿರುವುದು ನನ್ನದೇ ತೋಟ, ಕುಡಿಯುವುದು ಇದೇ ಗುಡ್ಡದ ನೀರು. ತೋಡು ಮುಂದೆ ಯಾರದೋ ಊರಿಗೆ ಹೋಗುವುದಷ್ಟೇ ಆಗಿದ್ದರೆ, ಗೊತ್ತಿಲ್ಲ, ನಾನೂ “ನೀರೇ ಅಲ್ವಾ” ಎನ್ನುತ್ತಿದ್ದೆನೇನೋ.

ಈ ಅನುಮಾನಕ್ಕೆ ಸಾಕ್ಷಿ ಮನೆಯ ಅಂಗಳದಲ್ಲೇ ನಿಂತಿದೆ. ನಮ್ಮ ಕಾರು. ಅದರ ಹೊಟ್ಟೆಯಲ್ಲಿ ಬೈಕಿನ ನಾಲ್ಕೈದು ಪಟ್ಟು ಕೂಲಂಟ್ ಇದೆ. ಅದು ಗಡಿ ದಾಟಿ ಸರ್ವಿಸಿಗೆ ಹೋಗುತ್ತದೆ, ತಣ್ಣಗಿನ ಕೋಣೆಯಲ್ಲಿ ಕಾಫಿ ಕುಡಿದು ಬಿಲ್ಲು ಕೊಟ್ಟು ಬರುತ್ತೇನೆ. ಬಿಲ್ಲಿನಲ್ಲಿ ಕೂಲಂಟ್ ಎಂಬ ಸಾಲು ಇರುತ್ತದೆ. ತೆಗೆದದ್ದು ಎಲ್ಲಿಗೆ ಹೋಯಿತು ಎಂದು ನಾನು ಕೇಳಿದ್ದೇ ಇಲ್ಲ. ಹಳೆಯ ವಿದ್ಯಾರ್ಥಿಯನ್ನು ಕೇಳಲು ಬಾಯಿ ಬರುತ್ತದೆ, ಟೈ ಕಟ್ಟಿದವನ ಮುಂದೆ ಬರುವುದಿಲ್ಲ. ತೋಟಕ್ಕೆ ಮಳೆಗಾಲಕ್ಕೆ ಎರಡು ಮೂರು ಸಲ ಬಿಡುವ ಮೈಲುತುತ್ತಿನ ತಾಮ್ರ ಅಜ್ಜನ ಕಾಲದಿಂದ ಅದೇ ಮಣ್ಣಿನಲ್ಲಿ ಸೇರುತ್ತಾ ಬಂದಿದೆ, ಅದರ ಬಗ್ಗೆ ಯಾರ ಸಭೆಯಲ್ಲೂ ಮಾತಾಡಿಲ್ಲ. ಅಡಿಕೆ ಉಳಿಯಬೇಕಲ್ಲ.

ಹಟ್ಟಿಯ ಕಪಾಟನ್ನು ತೆರೆದಾಗಲೆಲ್ಲ ನೆನಪಾಗುವುದು ಬೇರೆ ಬ್ಯಾರಲ್‌ಗಳು. ಸಿಂಪಡಣೆ ನಿಂತ ಮೇಲೆ ಉಳಿದ ಎಂಡೋಸಲ್ಫಾನ್, ಸಾವಿರಕ್ಕೂ ಹೆಚ್ಚು ಲೀಟರ್, ವರ್ಷಗಟ್ಟಲೆ ಕಾರ್ಪೊರೇಶನ್ನಿನ ಗೋದಾಮುಗಳಲ್ಲೇ ಕೂತಿತ್ತು. ಡಬ್ಬಗಳು ತುಕ್ಕು ಹಿಡಿದು ಸೋರಲು ಶುರುವಾದಾಗ, 2012ರಲ್ಲಿ, ‘ಆಪರೇಷನ್ ಬ್ಲಾಸಮ್ ಸ್ಪ್ರಿಂಗ್’ ಎಂಬ ಚಂದದ ಹೆಸರಿಟ್ಟು ಅದನ್ನು ಹೊಸ ಬ್ಯಾರಲ್‌ಗಳಿಗೆ ವರ್ಗಾಯಿಸಿದರು. ಪುನಃ ಗೋದಾಮಿನಲ್ಲೇ ಇಟ್ಟರು. ಹತ್ತು ವರ್ಷ ಕಳೆದರೂ ಅದನ್ನು ಎಲ್ಲಿ, ಹೇಗೆ ನಾಶ ಮಾಡುವುದು ಎಂಬ ಚರ್ಚೆ ಮುಗಿದಿರಲಿಲ್ಲ. ಆಗ ನಾನು ಅವರನ್ನು ಬೇಜವಾಬ್ದಾರಿಗಳು ಎಂದು ಬರೆದಿದ್ದೆ. ಬರೆದದ್ದನ್ನು ಹಿಂದೆ ಪಡೆಯುವುದಿಲ್ಲ, ಅವರಲ್ಲಿ ಅಧಿಕಾರವಿತ್ತು, ಹಣವಿತ್ತು. ಆದರೆ ವಿಷವನ್ನು ಕೊಳ್ಳುವಾಗ ಅದರ ಕೊನೆಯನ್ನು ಯೋಚಿಸದ ಮನಸ್ಸು ಅವರದು ಮಾತ್ರ ಎಂದು ನಂಬಿದ್ದೆನಲ್ಲ, ಅದನ್ನು ಹಿಂದೆ ಪಡೆಯುತ್ತೇನೆ.

ಬೈಕನ್ನು ಮಾರುತ್ತೇನೆಯೇ? ಇಲ್ಲ. ಲಡಾಖಿಗೆ ಹೋಗುತ್ತೇನೆಯೇ? ಅದೂ ಇಲ್ಲ ಎನ್ನುವ ಧೈರ್ಯ ಈಗ ಬಂದಿದೆ. ಮುಂದಿನ ಸಲ ನಮ್ಮ ಹವೆಗೆ ಸಾಕಾಗುವಷ್ಟು, ಮ್ಯಾನುವಲ್ ಒಪ್ಪುವ ಮಿತಿಯೊಳಗೆ, ಗ್ಲೈಕಾಲ್ ಕಡಿಮೆ ಇರುವ ಮಿಶ್ರಣ ಹಾಕುತ್ತೇನೆ. ನೀರಿನ ಪಾಲು ಹೆಚ್ಚಿದಷ್ಟು ಬಿಸಿಯನ್ನು ಹೊತ್ತೊಯ್ಯುವ ಶಕ್ತಿಯೂ ಹೆಚ್ಚು.

ಪಂಚಾಯತಿಗೆ ಒಂದು ವಿನಂತಿ ಬರೆದಿದ್ದೇನೆ, ಅದನ್ನೇ ಇಲ್ಲೂ ಹೇಳುತ್ತೇನೆ. ಹರಿತ ಕರ್ಮ ಸೇನೆಯ ಅಕ್ಕಂದಿರು ತಿಂಗಳಿಗೊಮ್ಮೆ ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ. ಹೊತ್ತು ತಿರುಗುವ ಅವರ ಹೆಗಲಿಗೆ ಈ ದ್ರವವನ್ನು ಹೊರಿಸುವುದು ಬೇಡ. ಅವರ ಸಂಗ್ರಹ ಕೇಂದ್ರದ ಒಂದು ಮೂಲೆಯಲ್ಲಿ ಮುಚ್ಚಳ ಬಿಗಿಯಾದ ಡ್ರಮ್ಮೊಂದನ್ನು ಇಡಿ, ಗ್ಯಾರೇಜಿನವರೂ ಬೈಕಿನವರೂ ತಾವೇ ತಂದು ಸುರಿಯಲಿ. ತುಂಬಿದ ಮೇಲೆ ಕೊಚ್ಚಿಯ ಅಂಬಲಮೇಡಿನಲ್ಲಿರುವ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಕಳಿಸುವ ಏರ್ಪಾಡನ್ನು ಜಿಲ್ಲೆ ಮಾಡಲಿ. ಅಲ್ಲಿಯವರೆಗೆ ಓದುಗರು ಹಳೆಯ ಕೂಲಂಟನ್ನು ತಂಪು ಪಾನೀಯದ ಬಾಟಲಿಯಲ್ಲಿ ಮಾತ್ರ ತುಂಬಿಡಬೇಡಿ, ಮಕ್ಕಳಿಗೆ ಬಣ್ಣವೂ ರುಚಿಯೂ ಒಪ್ಪಿಗೆಯಾಗುವಂಥದು. ಮೊದಲ ಡ್ರಮ್ಮಿನ ಖರ್ಚು ನಾನು ಕೊಡುತ್ತೇನೆ. ಅದರಲ್ಲೂ ಹೆಸರಿನ ಆಸೆ ಇದ್ದರೆ ಇರಲಿ, ಡ್ರಮ್ಮಿನ ಮೇಲೆ ನನ್ನ ಹೆಸರು ಬರೆಸಬೇಡಿ.